ಗಲ್ಲೆಯ ಆಚೆ ನಿಂತವರ ಹಣ

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಭಾಷಣಗಾರ್ತಿ ಅಲ್ಲ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಸಂಬಳದ ಸಾಫ್ಟ್‌ವೇರ್ ಬರೆಯುವವಳು. ಯಾರಿಗೆ ಎಷ್ಟು ಬೇಸಿಕ್, ಎಷ್ಟು ಪಿಎಫ್ ಕಡಿತ, ಎಷ್ಟು ಕೈಗೆ ಎಂದು ಲೆಕ್ಕ ಹಾಕುವ ಕೆಲಸ. ಹಾಗಾಗಿ ಇವತ್ತು ಮಾತಾಡಿ ಎಂದಾಗ ಬೇರೆ ವಿಷಯ ಹೊಳೆಯಲಿಲ್ಲ.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ 'ಫೈನಾನ್ಷಿಯಲ್ ವೆಲ್‌ನೆಸ್' ಎಂದು ಒಂದು ಕಾರ್ಯಕ್ರಮ ಇಟ್ಟಿದ್ದರು. ಟೈ ಕಟ್ಟಿದ ಒಬ್ಬರು ಬಂದು ಎಸ್‌ಐಪಿ, ವಿಮೆ, ನಿವೃತ್ತಿ ಎಂದು ಎರಡು ಗಂಟೆ ಹೇಳಿದರು. ಅರ್ಧದಲ್ಲಿ ಕ್ಯಾಂಟೀನಿನ ಹುಡುಗ ಚಹಾ ತಂದ. ಕುಂದಾಪುರ ಕಡೆಯವನು, ನನ್ನನ್ನು ಅಕ್ಕ ಎಂದು ಕರೆಯುತ್ತಾನೆ. ಲೋಟ ಕೊಡುತ್ತಾ ಪರದೆಯ ಮೇಲಿನ ಚಿತ್ರ ನೋಡಿ ಮೆಲ್ಲಗೆ ಕೇಳಿದ, "ಅಕ್ಕ, ಇದು ನಮಗೂ ಉಂಟಾ?" ನಾನು "ಆಮೇಲೆ ಹೇಳ್ತೇನೆ ಮಾರಾಯ" ಎಂದೆ. ಆಮೇಲೆ ಹೇಳಲೂ ಇಲ್ಲ. ಮನೆಗೆ ಬಂದ ಮೇಲೆ ಅದು ಚುಚ್ಚಿತು. ಯಾಕೆಂದರೆ ನಾನೂ ಒಬ್ಬ ಹೋಟೆಲ್ ಕಾರ್ಮಿಕನ ಮಗಳು.

ಅಪ್ಪ 1979ರಲ್ಲಿ, ಹದಿನೈದನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದರು. ಮೊದಲು ಟೇಬಲ್ ಒರೆಸುವ ಕೆಲಸ, ಮತ್ತೆ ಮಾಣಿ, ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದ ಮೇಲೆ ಗಲ್ಲೆ. ನಾನು, ಅಮ್ಮ, ತಮ್ಮ ಊರಲ್ಲಿ. ಅಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದರು, ಅದೂ ಮಳೆಗಾಲಕ್ಕೆ ಮೊದಲು.

ಈ ಸಭೆಯಲ್ಲಿ ಹೋಟೆಲ್ ಮನೆತನದವರು ಬಹಳ ಮಂದಿ ಇದ್ದೀರಿ. ಆಗಿನ ಪದ್ಧತಿ ನಿಮಗೆ ಗೊತ್ತು. ತಿಂಗಳ ಸಂಬಳ ಕೈಗೆ ಕೊಡುವ ರೂಢಿ ಇರಲಿಲ್ಲ. ಊಟ, ಮಲಗುವ ಜಾಗ ಹೋಟೆಲಿನಲ್ಲೇ. ಬೀಡಿಗೆ, ಸಿನೆಮಾಕ್ಕೆ, ಊರಿಗೆ ಮನಿಯಾರ್ಡರ್ ಮಾಡಲಿಕ್ಕೆ ಬೇಕಾದಷ್ಟು ಮಾತ್ರ ತೆಗೆದುಕೊಳ್ಳುವುದು, ಉಳಿದದ್ದು ಧಣಿಯ ಪುಸ್ತಕದಲ್ಲಿ. ಊರಿಗೆ ಹೊರಟ ದಿನ ಲೆಕ್ಕ. ಇದನ್ನು ಶೋಷಣೆ ಎಂದು ಒಂದೇ ಮಾತಲ್ಲಿ ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಹದಿನೈದು ವರ್ಷದ ಹುಡುಗನಿಗೆ ಅದೇ ಉಳಿತಾಯ ಖಾತೆ. ಎಷ್ಟೋ ಮನೆಗಳ ಮಾಡಿಗೆ ಹಂಚು ಬಂದದ್ದು, ತಂಗಿಯರ ಮದುವೆ ಆದದ್ದು ಆ ಪುಸ್ತಕದಿಂದ.

ಆದರೆ 1997ರಲ್ಲಿ ಅಪ್ಪನ ಧಣಿ ತೀರಿಕೊಂಡರು. ಒಳ್ಳೆಯ ಮನುಷ್ಯ, ನನ್ನ ನಾಮಕರಣಕ್ಕೆ ಬೆಳ್ಳಿಯ ಲೋಟ ಕಳಿಸಿದವರು. ಅವರ ಬಳಿ ಅಪ್ಪನ ಹನ್ನೊಂದು ತಿಂಗಳ ಬಾಕಿ, ಹದಿನೆಂಟು ಸಾವಿರದ ಚಿಲ್ಲರೆ, ಇತ್ತು. ಮಕ್ಕಳು ಪಾಲಾದರು. ಹೋಟೆಲು ಒಬ್ಬನಿಗೆ, ಪುಸ್ತಕ ಎಲ್ಲಿಗೋ. "ನಿಮ್ಮ ಹೆಸರಿನ ಎದುರು ಏನೂ ಬರೆದಿಲ್ಲವಲ್ಲ" ಎಂದರಂತೆ. ಅಪ್ಪ ಪುಟ್ಟ ಡೈರಿಯಲ್ಲಿ ತಾರೀಕು ಸಮೇತ ಬರೆದುಕೊಂಡಿದ್ದರು. ಅದಕ್ಕೆ ಯಾರ ಸಹಿಯೂ ಇರಲಿಲ್ಲ. ಆ ವರ್ಷ ನಮ್ಮ ಬಾವಿಗೆ ಸಿಮೆಂಟ್ ಉಂಗುರ ಹಾಕಿಸಬೇಕಿತ್ತು. ಹಾಕಿಸಲಿಲ್ಲ. ಮುಂದಿನ ಮಳೆಗೆ ಬಾವಿ ಕುಸಿಯಿತು. ಅಮ್ಮ ಎರಡು ವರ್ಷ ಪಕ್ಕದ ಮನೆಯಿಂದ ನೀರು ಹೊತ್ತರು. ಅಪ್ಪ ಆ ಧಣಿಯ ಬಗ್ಗೆ ಇವತ್ತಿಗೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಮಕ್ಕಳ ಬಗ್ಗೆಯೂ ಇಲ್ಲ. ನನಗೇ ಸಿಟ್ಟು.

ಮುಂದಿನದು ಇನ್ನೂ ಮುಖ್ಯ, ಯಾಕೆಂದರೆ ಅದರಲ್ಲಿ ಯಾರೂ ಮೋಸ ಮಾಡಿಲ್ಲ. 1998ರಿಂದ ಅಪ್ಪ ಪಿಎಫ್ ಇದ್ದ ಹೋಟೆಲಿನಲ್ಲಿ ಆರು ವರ್ಷ ದುಡಿದರು. 2004ರಲ್ಲಿ ಅದನ್ನು ಬಿಟ್ಟು ಇನ್ನೊಂದಕ್ಕೆ ಸೇರುವಾಗ ಅತ್ತೆಯ ಮದುವೆ ಇತ್ತು. ಪಿಎಫ್ ಪೂರ್ತಿ ತೆಗೆದರು, ಪಿಂಚಣಿಯ ಭಾಗವನ್ನೂ ಸೇರಿಸಿ. ಎರಡನೇ ಹೋಟೆಲಿನಲ್ಲಿ ಏಳು ವರ್ಷ. 2011ರಲ್ಲಿ ಮೊಣಕಾಲು ಕೈಕೊಟ್ಟು ಊರಿಗೆ ಹೋದರು. ಆರು ಮತ್ತು ಏಳು ಹದಿಮೂರು. ನೌಕರರ ಪಿಂಚಣಿ ಯೋಜನೆಗೆ ಬೇಕಾದದ್ದು ಹತ್ತು ವರ್ಷದ ಸೇವೆ. ಮೊದಲನೆಯದನ್ನು ತೆಗೆಯದೆ ವರ್ಗಾಯಿಸಿದ್ದರೆ 58 ತುಂಬಿದ ಮೇಲೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಪಿಂಚಣಿ, ಅವರ ನಂತರ ಅಮ್ಮನಿಗೂ ಒಂದು ಪಾಲು. ತೆಗೆದದ್ದರಿಂದ ಲೆಕ್ಕಕ್ಕೆ ಸಿಕ್ಕಿದ್ದು ಏಳೇ ವರ್ಷ. ಪಿಂಚಣಿ ಇಲ್ಲ. ಸಾವಿರ ರೂಪಾಯಿ ಏನು ದೊಡ್ಡದು ಎಂದು ನಮಗೆ ಅನಿಸಬಹುದು. ಅಮ್ಮನ ಬಿಪಿ ಮಾತ್ರೆ, ಅಪ್ಪನ ಮೊಣಕಾಲಿನ ಎಣ್ಣೆ ಅದರಲ್ಲಿ ಆಗುತ್ತಿತ್ತು. ಮಗಳನ್ನು ಕೇಳದೆ ಆಗುತ್ತಿತ್ತು ಎನ್ನುವುದು ಅವರಿಗೆ ದೊಡ್ಡದು.

ಎರಡನೇ ಹೋಟೆಲಿನ ಪಿಎಫ್ ಹಣ ಅಲ್ಲೇ ಉಳಿದಿತ್ತು. ನಾನು ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, 2016ರಲ್ಲಿ, ಟ್ರಂಕಿನ ತಳದಲ್ಲಿ ಖಾತೆ ಸಂಖ್ಯೆ ಬರೆದ ಹಳೆಯ ಚೀಟಿ ಸಿಕ್ಕಿತು. ಸುಲಭ ಎಂದುಕೊಂಡೆ. ಪಿಎಫ್ ದಾಖಲೆಯಲ್ಲಿ ಅಪ್ಪ ನಾಲ್ಕು ವರ್ಷ ದೊಡ್ಡವರು! ಸೇರುವಾಗ ಯಾರೋ ಅಂದಾಜಿಗೆ ಬರೆದ ಹುಟ್ಟಿದ ವರ್ಷ. ಹೆಸರಿನಲ್ಲಿ ಇನಿಷಿಯಲ್ ಹಿಂದೆ ಮುಂದೆ. ತಿದ್ದಲು ಮಾಲೀಕರ ಸಹಿ ಬೇಕು. ಹೋಟೆಲು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಎಂಟು ತಿಂಗಳು ಓಡಾಡಿದೆ. ಪಿಎಫ್ ತಂತ್ರಾಂಶ ಬರೆಯುವವಳಿಗೇ ಎಂಟು ತಿಂಗಳು. ಅಡುಗೆಮನೆಯಲ್ಲಿ ದೋಸೆ ಹೊಯ್ಯುವವನಿಗೆ?

ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಲೋಟ ತೊಳೆದು ಧಣಿಯಾದವರ ಕಥೆ ಹೇಳುತ್ತೇವೆ. ಹೇಳಬೇಕು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡುವಾಗ ನನಗೂ ಹೆಮ್ಮೆಯಾಗುತ್ತದೆ. ಆದರೆ ಲೋಟ ತೊಳೆದವರೆಲ್ಲ ಧಣಿಗಳಾಗಲಿಲ್ಲ. ಹೆಚ್ಚಿನವರು ಮೊಣಕಾಲು ನೋವಿನೊಂದಿಗೆ ಊರಿನ ಬಸ್ಸು ಹತ್ತಿದರು. ಈಗಂತೂ ನಮ್ಮ ಹೋಟೆಲುಗಳ ಒಳಗೆ ಕನ್ನಡ, ತುಳುಗಿಂತ ಒಡಿಯಾ, ಭೋಜಪುರಿ, ನೇಪಾಳಿ ಹೆಚ್ಚು ಕೇಳುತ್ತದೆ. ಅವರಿಗೆ ಈ ಊರಿನಲ್ಲಿ ನಮ್ಮ ಹಾಗೆ ಸಂಘವೂ ಇಲ್ಲ, ಬಂಧುಗಳೂ ಇಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮಹಾರಾಷ್ಟ್ರದಲ್ಲಿ ಹೋಟೆಲುಗಳಲ್ಲಿ ಕೂತು ತಿನ್ನಲು ಮತ್ತೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ. ಆರು ತಿಂಗಳಿಗೂ ಹೆಚ್ಚು. ಆ ದಿನಗಳಲ್ಲಿ ಯಾರ ಕೈಯಲ್ಲಿ ಏನು ಉಳಿದಿತ್ತು ಎನ್ನುವುದನ್ನು ಧಣಿಗಳೂ ನೋಡಿದ್ದಾರೆ, ಹುಡುಗರೂ ನೋಡಿದ್ದಾರೆ.

ಈಗ ಧಣಿಗಳ ಕಡೆಯ ಮಾತು. ನನ್ನ ಸೋದರಮಾವನದ್ದೇ ಒಂದು ಸಣ್ಣ ಹೋಟೆಲಿದೆ. ಅವರೊಡನೆ ಕೂತು ಲೆಕ್ಕ ಹಾಕಿದೆ. ಪಿಎಫ್‌ಗೆ ಒಳಪಡುವ ಸಂಬಳ 15,000 ಎಂದಿಟ್ಟುಕೊಳ್ಳಿ. ಹುಡುಗನ ಕಡೆಯಿಂದ ಪಿಎಫ್ ಶೇ. 12, ಅಂದರೆ 1,800. ಧಣಿಯದ್ದೂ 1,800. ಧಣಿಯ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ. ಮೇಲೆ ಜೀವ ವಿಮೆಗೆ ಮತ್ತು ಆಡಳಿತ ವೆಚ್ಚಕ್ಕೆ ಅರ್ಧರ್ಧ ಶೇಕಡಾ, 150. ಇಎಸ್‌ಐಗೆ ಧಣಿ ಶೇ. 3.25, ಸುಮಾರು 488. ಹುಡುಗ ಶೇ. 0.75, ಸುಮಾರು 113. ಧಣಿಯ ತಲೆಯ ಮೇಲೆ ಒಟ್ಟು ಒಬ್ಬನಿಗೆ ತಿಂಗಳಿಗೆ 2,438 ರೂಪಾಯಿ. ಮಾವ ಕನ್ನಡಕ ತೆಗೆದು ಇಟ್ಟರು. "ಮಗಳೇ, ಬಾಡಿಗೆ ನೋಡು, ಗ್ಯಾಸ್ ನೋಡು. ಇಡ್ಲಿಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾನೆ. ಮತ್ತೆ ಈ ಹುಡುಗರಿಗೂ ಪಿಎಫ್ ಬೇಡ. ಕೈಗೆ ಕಡಿಮೆ ಬರ್ತದೆ ಅಂತ ಜಗಳ ಮಾಡ್ತಾರೆ."

ಎರಡೂ ನಿಜ. ನಾನು ಕೇಳಿದ್ದು ಒಂದೇ: "ಮಾವ, ಹೋದ ವರ್ಷ ಎಷ್ಟು ಹುಡುಗರು ಬಿಟ್ಟುಹೋದರು?" ಲೆಕ್ಕ ಇಟ್ಟಿರಲಿಲ್ಲ. ಅತ್ತೆ ಒಳಗಿನಿಂದ ಹೇಳಿದರು, "ಒಂಬತ್ತು. ಅದರಲ್ಲಿ ನಾಲ್ವರು ಅಡ್ವಾನ್ಸ್ ಸಮೇತ." ಹೊಸ ದೋಸೆ ಭಟ್ಟರು ಸಿಗುವವರೆಗೆ ಮಾವನೇ ಕಾವಲಿ ಮುಂದೆ ನಿಂತದ್ದು, ಮುಳುಗಿದ ಅಡ್ವಾನ್ಸ್, ಏಜೆಂಟನ ಕಮಿಷನ್, ಇದನ್ನೆಲ್ಲ ಯಾವ ಪುಸ್ತಕದಲ್ಲೂ ಖರ್ಚು ಎಂದು ಬರೆಯುವುದಿಲ್ಲ. ಬರೆದರೆ ಆ 2,438 ಅಷ್ಟು ದುಬಾರಿ ಕಾಣುವುದಿಲ್ಲ ಎಂಬುದು ನನ್ನ ಅಂದಾಜು. ಮಾವ ಇನ್ನೂ ಪೂರ್ತಿ ಒಪ್ಪಿಲ್ಲ. ಇಪ್ಪತ್ತು ಮಂದಿ ಇದ್ದರೆ ಪಿಎಫ್ ಕಡ್ಡಾಯ. ಮಾವನಲ್ಲಿ ಹದಿನಾಲ್ಕು ಮಂದಿ. ಕಡಿಮೆ ಇದ್ದರೂ ಸ್ವಇಚ್ಛೆಯಿಂದ ಸೇರಬಹುದು ಎಂದು ಹೇಳಿ ಬಂದಿದ್ದೇನೆ.

ಪಿಎಫ್ ಜೊತೆ ಬರುವ ಜೀವ ವಿಮೆಯ ವಿಷಯ ಬಹಳ ಧಣಿಗಳಿಗೇ ತಿಳಿದಿರುವುದಿಲ್ಲ. ಇಡಿಎಲ್‌ಐ ಎನ್ನುತ್ತಾರೆ. ಸೇವೆಯಲ್ಲಿರುವಾಗ ಸದಸ್ಯ ತೀರಿಕೊಂಡರೆ ನಿಯಮದಂತೆ ಕುಟುಂಬಕ್ಕೆ 7 ಲಕ್ಷದವರೆಗೆ ಸಿಗುತ್ತದೆ. ಹುಡುಗನ ಸಂಬಳದಿಂದ ಅದಕ್ಕೆ ಒಂದು ಪೈಸೆ ಕಡಿತವಿಲ್ಲ. ಆದರೆ ಊರಲ್ಲಿರುವ ಹೆಂಡತಿಗೆ ಯಾರಾದರೂ ಹೇಳಬೇಕಲ್ಲ! ನಾಮಿನಿ ಹೆಸರು ಮದುವೆಗೆ ಮುಂಚಿನದ್ದಿದ್ದರೆ ಹೊಸದಾಗಿ ಬರೆಸಬೇಕು. ಇಎಸ್‌ಐಯನ್ನು ಮುಂಬಯಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕ್ಯೂ ಉದ್ದ ಎನ್ನುತ್ತಾರೆ. ಕ್ಯೂ ಉದ್ದವೇ. ಆದರೂ ಕೈ ಸುಟ್ಟುಕೊಂಡು ಹಾಸಿಗೆ ಹಿಡಿದವನಿಗೆ ಚಿಕಿತ್ಸೆಯ ಜೊತೆ ರಜೆಯ ಕೂಲಿಯೂ ಸಿಗುವುದು ಅಲ್ಲಿ ಮಾತ್ರ. 21,000ದವರೆಗೆ ಸಂಬಳ ಇರುವವರು ಅದರೊಳಗೆ ಬರುತ್ತಾರೆ.

ಕಡ್ಡಾಯ ಅಲ್ಲದ ಚಿಕ್ಕ ಹೋಟೆಲಿನವರಿಗೆ ಅಗ್ಗದ ದಾರಿಯೂ ಇದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ 436. ಒಂದು ಅಪಘಾತಕ್ಕೆ, ಒಂದು ಸಾವಿಗೆ, ತಲಾ 2 ಲಕ್ಷ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಹಣ ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ಕೊನೆಗೆ. ನಮ್ಮ ಹುಡುಗರು ಊರಿಗೆ ಹೋಗುವುದು ಯಾವಾಗ? ಮೇ ತಿಂಗಳಲ್ಲೇ. ಮದುವೆ, ಕೋಲ, ಮನೆ ರಿಪೇರಿ ಎಲ್ಲ ಮುಗಿದು ಖಾತೆಯಲ್ಲಿ ಇಪ್ಪತ್ತು ರೂಪಾಯಿಯೂ ಇರುವುದಿಲ್ಲ. ವಿಮೆ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಧಣಿ ಮನಸ್ಸು ಮಾಡಿ ಮೇ 20ಕ್ಕೆ ತಲಾ 456 ರೂಪಾಯಿ ಖಾತೆಗೆ ಹಾಕಿದರೆ ಮುಗಿಯಿತು. ಹದಿನಾಲ್ಕು ಹುಡುಗರಿಗೆ 6,384. ಒಂದು ಮಿಕ್ಸರ್ ಗ್ರೈಂಡರಿನ ದುಡ್ಡು. ಮಾವ ಇದಕ್ಕೆ ಮಾತ್ರ ಕೂಡಲೇ ಒಪ್ಪಿದರು.

ಸಾಲದ ವಿಷಯ ಹೇಳಲೇಬೇಕು. ತಿಂಗಳಿಗೆ ನೂರಕ್ಕೆ ಐದು ಎಂದರೆ ಹುಡುಗರಿಗೆ ಕಡಿಮೆ ಎನಿಸುತ್ತದೆ. ಹತ್ತು ಸಾವಿರಕ್ಕೆ ವರ್ಷಕ್ಕೆ ಆರು ಸಾವಿರ ಬಡ್ಡಿ, ಅಸಲು ಹಾಗೇ. ಈಗ ಮೊಬೈಲ್ ಆ್ಯಪ್‌ಗಳು ಬಂದಿವೆ. ನಮ್ಮ ಕ್ಯಾಂಟೀನ್ ಹುಡುಗ ತೋರಿಸಿದ ಒಂದು ಆ್ಯಪ್ ಅವನ ಫೋನಿನ ಸಂಪರ್ಕಗಳನ್ನೆಲ್ಲ ಓದುತ್ತಿತ್ತು. ಸಾಲ ಕೊಡುವ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಫೋಟೋ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಮುಟ್ಟುವ ಆ್ಯಪ್ ಕಂಡರೆ ಅದು ಸಾಚಾ ಅಲ್ಲ ಎಂದು ತಿಳಿಯಿರಿ. ಬೆದರಿಕೆ ಬಂದರೆ 1930ಕ್ಕೆ ಫೋನ್. 'ಸಂಬಳಕ್ಕೆ ಮೊದಲೇ ಸಂಬಳ' ಎನ್ನುವ ಆ್ಯಪ್‌ಗಳೂ ಇವೆ. ಬಡ್ಡಿ ಇಲ್ಲ, ಬರೀ ಫೀಸು ಎನ್ನುತ್ತವೆ. ಹತ್ತು ದಿನಕ್ಕೆ ಎರಡು ಸಾವಿರ ಕೊಟ್ಟು ಐವತ್ತು ರೂಪಾಯಿ ಫೀಸು ಹಿಡಿದರೆ ವರ್ಷದ ಲೆಕ್ಕದಲ್ಲಿ ಶೇ. 90 ದಾಟುತ್ತದೆ. ಇದಕ್ಕಿಂತ ನಮ್ಮ ಹಳೆಯ ಧಣಿಗಳ ಬಡ್ಡಿಯಿಲ್ಲದ ಅಡ್ವಾನ್ಸ್ ಸಾವಿರ ಪಾಲು ಒಳ್ಳೆಯದು. ಅದಕ್ಕೆ ಒಂದು ಪುಸ್ತಕ, ಎರಡು ಸಹಿ, ಒಂದು ನಕಲು ಹುಡುಗನ ಕೈಯಲ್ಲಿ. ಅಷ್ಟಿದ್ದರೆ ಅಪ್ಪನ ಹದಿನೆಂಟು ಸಾವಿರ ಹೋಗುತ್ತಿರಲಿಲ್ಲ.

ಇದನ್ನೆಲ್ಲ ಮಹಿಳಾ ವಿಭಾಗದಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಮಾವನಿಗೆ ಗೊತ್ತಿಲ್ಲದ ಲೆಕ್ಕ ಅತ್ತೆಗೆ ಗೊತ್ತಿತ್ತು. ನಿಮ್ಮಲ್ಲಿ ಹಲವರ ಮನೆಯಲ್ಲಿ ರಾತ್ರಿ ಗಲ್ಲೆ ಎಣಿಸುವವರು ನೀವೇ.

ಹೋದ ತಿಂಗಳು ನಾನು ಮತ್ತು ಇಬ್ಬರು ಗೆಳತಿಯರು ಮಾವನ ಹೋಟೆಲಿಗೆ ಹೋಗಿದ್ದೆವು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ, ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚಿನ ಒಂದು ಗಂಟೆ. ಹುಡುಗರು ಒಬ್ಬೊಬ್ಬರಾಗಿ ಬಂದು ಕೂತರು. ಬೇರೆ ಕಡೆ ಪಿಎಫ್ ಇದ್ದವರ ಯುಎಎನ್ ಹುಡುಕಿದೆವು, ಆಧಾರ್ ಜೊತೆ ಹೆಸರು, ಹುಟ್ಟಿದ ದಿನ ತಾಳೆ ನೋಡಿದೆವು. ಒಡಿಶಾದ ಒಬ್ಬ ಭಟ್ಟನಿಗೆ ಹಿಂದಿನ ಎರಡು ಹೋಟೆಲಿನ ಹಣ ಇದೆ ಎಂದೇ ಗೊತ್ತಿರಲಿಲ್ಲ. ಮೊತ್ತ ತೋರಿಸಿದಾಗ ಮೂರು ಸಲ ಓದಿಸಿದ, ಮತ್ತೆ ಹೆಂಡತಿಗೆ ಫೋನ್ ಮಾಡಿ ನನ್ನ ಕೈಯಿಂದಲೇ ಹೇಳಿಸಿದ. ಅವನು ಅದನ್ನು ತೆಗೆಯಬೇಕೆಂದಿದ್ದ. ನಾನು ಅಪ್ಪನ ಕಥೆ ಹೇಳಿದೆ. ಈಗ ವರ್ಗಾವಣೆಗೆ ಹಾಕಲು, ಮಾವ ಪಿಎಫ್ ನೋಂದಣಿ ಮಾಡಿಸುವುದನ್ನೇ ಕಾಯುತ್ತಿದ್ದಾನೆ. ದಿನಾ ಬೆಳಿಗ್ಗೆ ಮಾವನನ್ನು ಕೇಳುತ್ತಾನಂತೆ.

ಮುಂದಿನ ಮಂಗಳವಾರ ಇನ್ನೊಂದು ಹೋಟೆಲಿಗೆ ಹೋಗುವುದಿದೆ, ಅದೇ ಮೂರೂವರೆಗೆ. ಹಿಂದಿ ಬರುವವರು ಇಬ್ಬರು, ಒಡಿಯಾ ಗೊತ್ತಿರುವವರು ಯಾರಾದರೂ ಇದ್ದರೆ ಬಹಳ ಉಪಕಾರ. ಹೆಸರು ಕಾರ್ಯದರ್ಶಿಯವರ ಬಳಿ ಕೊಡಿ. ಲ್ಯಾಪ್‌ಟಾಪ್ ನಾನು ತರುತ್ತೇನೆ. ಚಹಾ ಹೋಟೆಲಿನವರದ್ದು.