ಬಿಲ್ಲಸುರ್ಗಂ ಗವಿಯ ಹುಲಿ

ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಗವಿಗಳಿಗೇನೂ ಬರವಿಲ್ಲ. ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಕತ್ತಲು ತುಂಬಿದ ಸಂದುಗಳು ನಮ್ಮ ವಳಕಮದಿನ್ನಿಯ ಕಡೆಯವರಿಗೆ ಹೊಸವಲ್ಲ. ಆದರೆ ಪುರಾತನ ಹುಲಿಯ ಎಲುಬು ಬೇಕೆಂದರೆ ತುಂಗಭದ್ರೆ ದಾಟಿ, ಈಗಿನ ನಂದ್ಯಾಲ ಜಿಲ್ಲೆಯ ಬೇತಂಚೆರ್ಲದ ಹತ್ತಿರವಿರುವ ಬಿಲ್ಲಸುರ್ಗಂ ಗವಿಗಳಿಗೇ ಹೋಗಬೇಕು. 1884ರಲ್ಲಿ ಅಲ್ಲಿ ಅಗೆತ ಶುರುಮಾಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮಸ್ಕಿಯಲ್ಲಿ ಕಲ್ಲಿನ ಆಯುಧ ಹುಡುಕಿದವರೂ ಅವರೇ. ಮುಂದೆ ಅವರ ಮಗ ಹೆನ್ರಿ ಕೆಲಸ ಮುಂದುವರಿಸಿದರು. ಎಲುಬುಗಳು ಎಷ್ಟು ಸಿಕ್ಕವೆಂದರೆ ಒಂದು ಗವಿಗೆ ಎಲುಬಿನ ಮನೆ ಎಂಬರ್ಥದ ಇಂಗ್ಲಿಷ್ ಹೆಸರನ್ನೇ ಇಟ್ಟರು. 1886ರಲ್ಲಿ ಆ ಎಲುಬುಗಳನ್ನು ಗುರುತಿಸಿ ಪ್ರಾಣಿವಿಜ್ಞಾನಿ ರಿಚರ್ಡ್ ಲೈಡೆಕರ್ ಮಾಡಿದ ಪಟ್ಟಿಯಲ್ಲಿ ಹುಲಿ, ಚಿರತೆ, ಕಾಡುಬೆಕ್ಕುಗಳಿವೆ, ಖಡ್ಗಮೃಗವೂ ಇದೆ. ಹಾಗಾದರೆ ಹುಲಿ ಅಲ್ಲಿತ್ತು, ನಮ್ಮ ಕಡೆ ಇರಲಿಲ್ಲ ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಈ ವ್ಯತ್ಯಾಸ ಮೊದಲು ಕಲ್ಲಿನದು, ಆಮೇಲೆ ಪ್ರಾಣಿಯದು. ಬಿಲ್ಲಸುರ್ಗಂ ಸುಣ್ಣಕಲ್ಲಿನ ಗವಿ. ಅಲ್ಲಿ ತೊಟ್ಟಿಕ್ಕುವ ನೀರಿನಲ್ಲಿ ಕರಗಿದ ಸುಣ್ಣ ಎಲುಬಿಗೆ ಮೆತ್ತಿಕೊಂಡು ಅದನ್ನು ಕಾಯುತ್ತದೆ. ನಮ್ಮ ಗುಡ್ಡಗಳದು ಗ್ರಾನೈಟು. ಅದರ ಸಂದಿನಲ್ಲಿ ಬಿದ್ದ ಎಲುಬನ್ನು ಬಿಸಿಲು, ಮಳೆ, ಮುಳ್ಳುಹಂದಿಗಳು ಉಳಿಯಗೊಡುವುದಿಲ್ಲ.

ಗವಿಯಲ್ಲಿ ಸಿಕ್ಕ ಮಾತ್ರಕ್ಕೆ ಪ್ರಾಣಿ ಅಲ್ಲೇ ವಾಸವಿತ್ತೆಂದೂ ಅಲ್ಲ. ಚಿರತೆ ಬೇಟೆಯನ್ನು ಎಳೆತರುತ್ತದೆ, ಕತ್ತೆಕಿರುಬ ಎಲುಬು ಹೊತ್ತು ತರುತ್ತದೆ, ಗೂಗೆ ಇಲಿಯೆಲುಬನ್ನು ಉಂಡೆ ಮಾಡಿ ಉಗುಳುತ್ತದೆ, ಉಳಿದದ್ದನ್ನು ಮಳೆನೀರು ನುಗ್ಗಿಸುತ್ತದೆ. ಹಾಗಿದ್ದರೆ ಗವಿಯ ಸಾಕ್ಷ್ಯವನ್ನು ನಂಬುವುದೇ ತಪ್ಪಲ್ಲವೇ ಎಂದು ಕೇಳಬಹುದು. ಪದರಗಳನ್ನು ಬೇರೆಬೇರೆಯಾಗಿ ಅಗೆದು ಅವುಗಳ ಕಾಲ ಗುರುತಿಸಿದರೆ ತಪ್ಪಲ್ಲ. ಬಿಲ್ಲಸುರ್ಗಂ ಗವಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಯವು ಕನಿಷ್ಠ 1 ಲಕ್ಷ ವರ್ಷಗಳಿಂದ ಈವರೆಗೂ ಉಪಖಂಡದಲ್ಲಿ ಉಳಿದುಬಂದಿವೆ. ಹವೆ ಒಣಗಿದಾಗ ಕೆಲವು ನೆಲೆ ಬದಲಿಸಿದವು, ಅಳಿಯಲಿಲ್ಲ. ಖಡ್ಗಮೃಗ ಇಂದು ಅಸ್ಸಾಮಿನ ಕಡೆಗಿದೆ. ಹುಲಿಯಂತೂ ಪಕ್ಕದ ನಲ್ಲಮಲೆಯಲ್ಲೇ ಇದೆ.

ಹುಲಿ ನಮ್ಮ ಕಡೆಗೂ ಬಂದಿರಬಹುದೆಂಬ ಮಾತಿಗೆ ಇನ್ನೊಂದು ಆಕ್ಷೇಪ ಗಟ್ಟಿಯದು: ಬಿಲ್ಲಸುರ್ಗಂಗೂ ನಮಗೂ ನಡುವಿನ ದೂರ ಬಹಳ, ನಮ್ಮದು ಎರೆ ಬಯಲು, ಹುಲಿಗೆ ಮರೆ ಎಲ್ಲಿ? ದೂರ ದೊಡ್ಡ ಮಾತಲ್ಲ. ಹೊಸ ನೆಲೆ ಹುಡುಕುವ ಹುಲಿ ನೂರಾರು ಕಿಲೋಮೀಟರ್ ನಡೆಯುತ್ತದೆ, ನದಿ ಈಜುತ್ತದೆ. ಮರೆಯ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾರೆ. ಆದ್ದರಿಂದ ಹುಲಿ ಇತ್ತೆಂದು ಆಣೆಯಿಡುವುದಿಲ್ಲ. ಇರಲಿಲ್ಲ ಎನ್ನುವವರಿಗೆ ಗ್ರಾನೈಟಿನ ಗವಿ ಸಾಕ್ಷಿಯಾಗಲಾರದು ಎಂದಷ್ಟೇ ಹೇಳುತ್ತೇನೆ. ಹುಡುಕಲೇಬೇಕೆಂದರೆ ಗುಡ್ಡ ಬಿಟ್ಟು ಹಳ್ಳದ ದಂಡೆಗೆ ಇಳಿಯಬೇಕು. ಎರೆಮಣ್ಣಿನ ಕೆಳಗೆ ಬಿಳಿ ಸುಣ್ಣದ ಹರಳುಗಳು ಕಾಣುವ ಕಡೆ, ಎಲುಬು ಉಳಿದಿದ್ದರೆ ಅಲ್ಲೇ ಉಳಿದೀತು.