ಹೈಕೋರ್ಟಿನ ಕೈ ಎಲ್ಲಿಯವರೆಗೆ ಚಾಚುತ್ತದೆ? ನೊಯ್ಯಲ್ ನದಿಯ ಕಥೆ

ನೀವು ಈಗ ಹಾಕಿಕೊಂಡಿರುವ ಟೀ ಶರ್ಟು ತಿರುಪ್ಪೂರಿನದೇ ಇರಬಹುದು. ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿ ಎಂದು 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಿತು. ಚೆನ್ನೈಯಲ್ಲಿ ಕೂತ ನ್ಯಾಯಾಲಯಕ್ಕೆ ಅಷ್ಟು ದೂರದ ಊರಿನ ಕಾರ್ಖಾನೆ ನಿಲ್ಲಿಸುವ ಅಧಿಕಾರ ಬಂದದ್ದು ಎಲ್ಲಿಂದ?

ಈ ಹೈಕೋರ್ಟು ಶುರುವಾದದ್ದು 1862ರಲ್ಲಿ. ಇಡೀ ಪ್ರಾಂತ್ಯದ ಮೇಲ್ಮನವಿಗಳು ಅಲ್ಲಿಗೇ ಹೋಗುತ್ತಿದ್ದವು. ಆದರೆ ಸರ್ಕಾರವನ್ನು ಪ್ರಶ್ನಿಸುವ ರಿಟ್? ಅದರ ಅಧಿಕಾರ ಮದ್ರಾಸ್ ಪಟ್ಟಣದ ಗಡಿಗೇ ಮುಗಿಯುತ್ತಿತ್ತು. ಗಂಜಾಂ ಜಿಲ್ಲೆಯ ರೈತರು ಪರ್ಲಾಕಿಮಿಡಿ ಜಮೀನ್ದಾರನ ಗೇಣಿ ಹೆಚ್ಚಳದ ವಿರುದ್ಧ ಹೋರಾಡಿದ ಪ್ರಕರಣದಲ್ಲಿ, 1943ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಖಡಾಖಂಡಿತವಾಗಿ ಹೇಳಿತು. ಆದೇಶ ಹೊರಡಿಸಿದ ರೆವಿನ್ಯೂ ಬೋರ್ಡಿನ ಕಚೇರಿ ಮದ್ರಾಸಿನಲ್ಲೇ ಇತ್ತು. ಆದರೂ ಜಗಳ ಹುಟ್ಟಿದ್ದು ಗಂಜಾಮಿನಲ್ಲಿ, ಹಾಗಾಗಿ ರಿಟ್ ಇಲ್ಲ! ಕೊಯಮತ್ತೂರಿನ ರೈತನ ಪಾಡೂ ಅದೇ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತಲ್ಲ, ಅಲ್ಲಿಯವರ ಪಾಡೂ ಬೇರೆಯಿರಲಿಲ್ಲ.

1950ರಲ್ಲಿ ಸಂವಿಧಾನದ 226ನೇ ವಿಧಿ ಈ ಬೇಲಿ ಕಿತ್ತುಹಾಕಿತು. ರಾಜ್ಯದ ಯಾವ ಮೂಲೆಗೂ ರಿಟ್ ತಲುಪಬಹುದು, ಮೂಲಭೂತ ಹಕ್ಕಿಗಷ್ಟೇ ಅಲ್ಲ, ಬೇರೆ ಯಾವುದೇ ಉದ್ದೇಶಕ್ಕೂ. ಸುಪ್ರೀಂ ಕೋರ್ಟಿನ 32ನೇ ವಿಧಿಗೂ ಇಷ್ಟು ಹರವಿಲ್ಲ. ಆದರೂ ದೆಹಲಿಯ ಚುನಾವಣಾ ಆಯೋಗಕ್ಕೆ ಮದ್ರಾಸಿನಿಂದ ರಿಟ್ ಕಳಿಸುವಂತಿಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟೇ ತಡೆಯಿತು. ಆ ತೊಡಕು ಬಿಡಿಸಲು 1963ರಲ್ಲಿ ತಿದ್ದುಪಡಿಯೇ ಬೇಕಾಯಿತು. ತುರ್ತು ಪರಿಸ್ಥಿತಿಯಲ್ಲಿ ಮೊಟಕಾದ ಅಧಿಕಾರ ಜನತಾ ಸರ್ಕಾರದ ಕಾಲಕ್ಕೆ ಮರಳಿತು.

ಈಗ ನದಿಗೆ ಬರೋಣ. ನೊಯ್ಯಲ್ ಹುಟ್ಟುವುದು ವೆಳ್ಳಿಯಂಗಿರಿ ಬೆಟ್ಟದಲ್ಲಿ. ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರಿನ ಹತ್ತಿರ ಕಾವೇರಿ ಸೇರುತ್ತದೆ. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಉಪ್ಪು ಸುರಿಯಬೇಕು, ಅದೂ ರಾಶಿಗಟ್ಟಲೆ. ಸುಣ್ಣ ಹಾಕಿ ಸಂಸ್ಕರಿಸಿದರೆ ನೀರಿನ ಬಣ್ಣ ತಿಳಿಯಾಗುತ್ತದೆ, ಉಪ್ಪು ಹಾಗೇ ಉಳಿಯುತ್ತದೆ. ನೋಡುವ ಕಣ್ಣಿಗೆ ಚೊಕ್ಕ, ಬೆಳೆಗೆ ವಿಷ. ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ಇದೇ ಕೊಳಕು ನಿಂತು, ಸುತ್ತಲ ಬಾವಿಗಳೂ ಉಪ್ಪಾದವು. ನೀರಿಗಾಗಿ ಕಾದಿದ್ದ ಅಚ್ಚುಕಟ್ಟಿನ ರೈತರೇ ನೀರು ಬಿಡಬೇಡಿ ಅನ್ನುವಂತಾಯಿತು.

2003ರಲ್ಲಿ ಆ ರೈತರ ಸಂಘ 226ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಯಿತು. 2006ರ ಡಿಸೆಂಬರಿನಲ್ಲಿ ಕೋರ್ಟು ಗಡುವಿನ ಜೊತೆ ದಂಡವನ್ನೂ ಹಾಕಿತು: ಹೊರಬಿಡುವ ಪ್ರತಿ ಲೀಟರಿಗೆ ಮೊದಲು 6 ಪೈಸೆ, ಆಮೇಲೆ 8, ಆಮೇಲೆ 10. ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲೇ. ಪೈಸೆ ಲೆಕ್ಕದ ದಂಡವನ್ನು ರಫ್ತು ಮಾಡುವ ಊರು ಖರ್ಚಿನ ಬಾಬತ್ತಿಗೆ ಸೇರಿಸಿಕೊಂಡುಬಿಡಬಹುದು. 2009ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು, ಆದರೂ ಕೊಳಕು ನೀರು ನಿಲ್ಲಲಿಲ್ಲ. ಕೊನೆಗೆ ರೈತರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. 215ನೇ ವಿಧಿ ಕೊಟ್ಟ ಆ ಅಸ್ತ್ರದ ಫಲವೇ 2011ರ ಆದೇಶ: ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಆಗುವವರೆಗೆ ಘಟಕ ಬಂದ್, ಕರೆಂಟೂ ಕಟ್.

ಸಾವಿರಾರು ಕಾರ್ಮಿಕರ ಕೆಲಸ ಹೋಯಿತು, ಅದನ್ನು ಮರೆಯುವಂತಿಲ್ಲ. ಕೆಲವರು ಕದ್ದುಮುಚ್ಚಿ ಬೇರೆ ಜಿಲ್ಲೆಗಳಲ್ಲಿ ಬಣ್ಣದ ತೊಟ್ಟಿ ಇಟ್ಟರು. ನೀರನ್ನು ಸೋಸಿ, ಆವಿಯಾಗಿಸಿ, ಉಪ್ಪನ್ನು ಬೇರ್ಪಡಿಸುವ ಯಂತ್ರಗಳು ಬಂದಮೇಲೆ ಘಟಕಗಳು ಒಂದೊಂದಾಗಿ ತೆರೆದವು.

ಇನ್ನು ದೂರದ ಮಾತು. 2004ರಲ್ಲಿ ಮಧುರೈಗೆ ಹೈಕೋರ್ಟ್ ಪೀಠ ಬಂತು, 2008ರಲ್ಲಿ ನಮ್ಮ ಧಾರವಾಡ, ಕಲಬುರಗಿಗೂ ಬಂತು. ಕೊಯಮತ್ತೂರಿನ ವಕೀಲರೂ ತಮ್ಮೂರಿಗೊಂದು ಪೀಠ ಕೇಳುತ್ತ ಬಂದಿದ್ದಾರೆ. ಮಧುರೈ ಪೀಠಕ್ಕೆ ಸೇರದ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ರಿಟ್ ಅರ್ಜಿ ಚೆನ್ನೈಗೇ ಹೋಗಬೇಕು.