ಕೇಳಿ ಬರೆದುಕೊಳ್ಳುವ ವಿದ್ಯೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳಲ್ಲಿ ಹಲವರು ಇಂದು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಸಾಫ್ಟ್‌ವೇರ್ ಎಂದರೆ ಯಂತ್ರಕ್ಕೆ ಆಜ್ಞೆ ಬರೆಯುವುದಷ್ಟೇ ಎಂದು ತಿಳಿದವರೇ ಹೆಚ್ಚು. ಅದಕ್ಕೂ ಮೊದಲು ಎರಡು ಕೆಲಸಗಳಿವೆ. ಯಾರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವುದು ಒಂದು. ಇದು ಅಗತ್ಯಗಳ ವಿಶ್ಲೇಷಣೆ. ಅದಕ್ಕೆ ತಕ್ಕಂತೆ ಯಾವ ಭಾಗ ಎಲ್ಲಿರಬೇಕು, ಒಂದು ಇನ್ನೊಂದಕ್ಕೆ ಏನು ತಿಳಿಸಬೇಕು ಎಂದು ನಕ್ಷೆ ಹಾಕುವುದು ಇನ್ನೊಂದು; ಇದು ವ್ಯವಸ್ಥೆಯ ವಿನ್ಯಾಸ.

ಈ ಮಾತು ನಮಗೇಕೆ ಎನ್ನಬಹುದು. ನಾವು ದುಡಿದ ಒಂದು ಹೋಟೆಲಿಗೆ ಆರ್ಡರು ಒತ್ತುವ ಯಂತ್ರ ಬಂತು. ಅದನ್ನು ಮಾಡಿದವರು ಧಣಿಗಳನ್ನು ಕೇಳಿದ್ದರು. ಸಪ್ಲೈಯರನ್ನೂ ಅಡುಗೆ ಭಟ್ಟರನ್ನೂ ಕೇಳಿರಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ್ ಪಾವ್‌ಭಾಜಿ ಬೇಡುವ ಗಿರಾಕಿಗಳು ಮುಂಬಯಿಯಲ್ಲಿ ಎಷ್ಟಿಲ್ಲ! ಯಂತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಪ್ಲೇಟು ಹಿಂದಕ್ಕೆ ಬಂತು. ಅದರ ದುಡ್ಡು ಸಪ್ಲೈಯರನ ಸಂಬಳದಲ್ಲಿ ಕಡಿತವಾಯಿತು. ಗಿರಣಿಯ ಹಾಜರಿ ಯಂತ್ರವೂ ಹಾಗೆಯೇ. ಬದಲಿ ಕೆಲಸಗಾರನ ಲೆಕ್ಕ ಬರೆಯಲು ಅದರಲ್ಲಿ ಸ್ಥಳವಿಲ್ಲದಿದ್ದರೆ ಅವನ ದಿನಗೂಲಿ ಏನಾಗಬೇಕು?

ಕೇಳುವುದಕ್ಕೂ ಕ್ರಮವಿದೆ. "ಬಿಲ್ಲು ಬೇಗ ಬರಲಿ" ಎಂದು ಬರೆದುಕೊಂಡರೆ ಸಾಲದು. ಎಷ್ಟು ನಿಮಿಷದೊಳಗೆ? ಮಧ್ಯಾಹ್ನದ ಊಟದ ಗದ್ದಲದಲ್ಲಿಯೂ? ಕರೆಂಟು ಹೋದರೆ? ಬರೆದುದನ್ನು ಹೇಳಿದವರಿಗೇ ಓದಿ ಹೇಳಿ, ಸರಿಯೆಂದು ಒಪ್ಪಿಸಿಕೊಳ್ಳಬೇಕು. ಕಾಗದದ ಮೇಲಿನ ತಪ್ಪು ಪೆನ್ಸಿಲಿನಿಂದ ಹೋಗುತ್ತದೆ. ಕಟ್ಟಿದ ಮೇಲಿನ ತಪ್ಪಿಗೆ ಹಣ ಸುರಿಯಬೇಕು.

ದೊಡ್ಡ ಉದಾಹರಣೆ ಬೇಕಾದರೆ ನಾವು ಅನ್ನ ತಿನ್ನುವ ಈ ರಾಜ್ಯದಲ್ಲಿಯೇ ಇದೆ. ಪೈಠಣದ ಬಳಿ ಗೋದಾವರಿಗೆ ಕಟ್ಟಿದ ಅಣೆಕಟ್ಟಿಗೆ ಜಾಯಕವಾಡಿ ಎಂದು ಹೆಸರು. ಆದರೆ ಜಾಯಕವಾಡಿ ಇರುವುದು ಬೀಡ್ ಜಿಲ್ಲೆಯಲ್ಲಿ. ಮೊದಲ ಯೋಜನೆ ಅಲ್ಲಿಯದಾಗಿತ್ತು. ಕಾಗದದ ಮೇಲಿರುವಾಗಲೇ ಸ್ಥಳ ಬದಲಾಯಿತು, ಹೆಸರು ಮಾತ್ರ ಉಳಿಯಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಸುಮಾರು 10 ಕಿಲೋಮೀಟರು ಉದ್ದದ ಆ ಕಟ್ಟೆಯನ್ನು ಇನ್ನು ಸರಿಸಲಾದೀತೇ?

ಕಟ್ಟಿದ ಮೇಲೂ ಅಗತ್ಯಗಳ ಜಗಳ ಮುಗಿಯಲಿಲ್ಲ. ಮೇಲೆ ನಾಸಿಕದ ಕಡೆಯ ಅಣೆಕಟ್ಟುಗಳ ರೈತರಿಗೆ ನೀರು ಬೇಕು. ಕೆಳಗೆ ಮರಾಠವಾಡದ ಹೊಲಗಳಿಗೂ ಸಂಭಾಜಿನಗರದ ಮನೆಗಳಿಗೂ ಬೇಕು. ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇಕಡಾ 65ಕ್ಕಿಂತ ಕಡಿಮೆಯಿದ್ದರೆ ಮೇಲಿನವರು ನೀರು ಬಿಡಬೇಕೆಂದು ರಾಜ್ಯದ ಜಲ ಪ್ರಾಧಿಕಾರವು 2014ರಲ್ಲಿ ನಿಯಮ ಮಾಡಿತು. "ಸಾಕಷ್ಟು ನೀರು" ಎಂಬ ಮಾತನ್ನು ತಾರೀಖಿಗೂ ಅಂಕಿಗೂ ಇಳಿಸಿದ ಮೇಲೆ ತಾನೇ ಅಳೆದು ನೋಡಲು ಸಾಧ್ಯವಾದುದು?

ಬಂಧುಗಳೇ, ಕಲಿಯುವ ಮಕ್ಕಳಿಗೆ ನಮ್ಮದೊಂದು ಸಲಹೆ. ತಂದೆಯ ಒಂದು ಪಾಳಿಯ ಕೆಲಸವನ್ನು ಮೊದಲಿನಿಂದ ಕೊನೆಯತನಕ ಕೇಳಿ ಬರೆಯಿರಿ. ಅದೇ ಮೊದಲ ಪಾಠ. ದುಡಿಯುವವರಿಗೆ ಹೇಳುವುದಿಷ್ಟೆ: ಹೊಸ ಯಂತ್ರ ಬರುತ್ತದೆಂದು ಕೇಳಿದ ದಿನವೇ ಸಂಘದ ಮೂಲಕ ಧಣಿಗಳ ಬಳಿಗೆ ಹೋಗೋಣ, "ನಮ್ಮನ್ನೂ ಕೇಳಿ ಬರೆದುಕೊಳ್ಳಿ" ಎನ್ನೋಣ. ಕೆಲಸ ಬಲ್ಲವನ ಮಾತಿಲ್ಲದೆ ಹಾಕಿದ ನಕ್ಷೆಯ ದಂಡ ಅವನ ಸಂಬಳದಿಂದಲೇ ಹೋಗುತ್ತದೆ.